ಮೇಲಿನಂತೆ

ಪಾತ್ರೆ ತುಂಬಿ ಚೆಲ್ಲುತ್ತಿದ್ದರೂ ಅವಳು ನಲ್ಲಿ ನಿಲ್ಲಿಸಿರಲಿಲ್ಲ. ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿ ಹೊಟ್ಟೆ ಹೊರೆದವಳು, ಎಲ್ಲರ ಬಾಯಲ್ಲೂ ನೀರಕ್ಕ ಎನ್ನಿಸಿಕೊಂಡವಳು, ನೀರು ಪೋಲಾಗುವುದನ್ನು ಹೀಗೆ ನೋಡುತ್ತ ನಿಲ್ಲುವವಳಲ್ಲ. ಬೆಳಿಗ್ಗೆ ಏಳಕ್ಕೆ ಬಂದ ಮಗಳ ಫೋನು ಕಣ್ಣನ್ನೂ ಕೈಯನ್ನೂ ಬೇರೆ ಮಾಡಿಬಿಟ್ಟಿತ್ತು. ಕೈ ಪಾತ್ರೆ ಹಿಡಿದಿತ್ತು, ಕಣ್ಣು ಎಲ್ಲೂ ಇರಲಿಲ್ಲ. "ಮೂರು ಗಂಟೆಗೆ ಬರ್ತೀನಮ್ಮ, ರೆಡಿಯಾಗಿರು. ನೀನೊಮ್ಮೆ ಮನೆ ನೋಡಿ ಹೂಂ ಅಂದ್ಬಿಡು, ಇವತ್ತೇ ಸಹಿ ಹಾಕ್ಬಿಡ್ತೀನಿ," ಎಂದಿದ್ದಳು ಮಗಳು. ಆಮೇಲೆ ನಕ್ಕಿದ್ದಳು. "ಒಂದು ಮಜಾ ಹೇಳ್ಲಾ? ಮನೆ ಮಾರೋರು ಕೊಟ್ಟ ಫೈಲಲ್ಲಿ ಅಲ್ಲಿಯ ಏಳನೇ ಬಾವಿ ನೀರಿನ ರಿಪೋರ್ಟ್ ಇದೆ. ಕೆಳಗೆ ನಿನ್ನ ಸಹಿ! ಕೊನೇಲಿ ಎಳೀತೀಯಲ್ಲ ಬಾಲ, ಅದು ನೋಡಿದ್ ಕೂಡ್ಲೇ ಗೊತ್ತಾಯ್ತು. ಇವರಿಗೆ ಹೇಳ್ದೆ, ನಮ್ಮಮ್ಮನೇ ನೋಡಿರೋ ನೀರು ಕಣ್ರೀ, ಇನ್ನೇನ್ ಯೋಚನೆ ಅಂತ." ಅವಳು ಹೂಂ ಎಂದಿದ್ದಳೋ ಉಹೂಂ ಎಂದಿದ್ದಳೋ, ಈಗ ನೆನಪಿಗೆ ಬರಲಿಲ್ಲ. ಫೋನಿಟ್ಟ ಮೇಲೂ ಆ ನಗು ಅಡುಗೆಮನೆಯಲ್ಲಿ ಉಳಿದಿತ್ತು. ಹೆತ್ತವರ ಬಗ್ಗೆ ಹೆಮ್ಮೆ ಪಡುವ ಮಕ್ಕಳ ನಗು ಸಿಗುವುದು ಅಪರೂಪ, ಸಿಕ್ಕಾಗ ಅನುಭವಿಸುವ ಯೋಗ್ಯತೆ ಇರಬೇಕು.

ನಲ್ಲಿ ತಿರುಗಿಸಿದಳು. ಗಂಡ ಮೇಜಿನ ಬಳಿ ಕುಳಿತು ಟೀಯಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತ ಪೇಪರು ಓದುತ್ತಿದ್ದ. ಕುಲುಮೆಯ ಸದ್ದಿನಲ್ಲಿ ಮೂವತ್ತೈದು ವರ್ಷ ದುಡಿದು ಕಿವಿ ಕಾರ್ಖಾನೆಗೇ ಕೊಟ್ಟು ಬಂದವನು. ಕಿವಿಯ ಮಿಷನ್ನು ಹಾಕಿಕೊಂಡರೆ ಅಷ್ಟಿಷ್ಟು ಕೇಳುತ್ತದೆ, ಆದರೆ ಅದನ್ನು ಟಿವಿ ನೋಡುವಾಗ ಮಾತ್ರ ಹಾಕುತ್ತಾನೆ. "ಹೆಂಡತಿ ಮಾತು ಅಂದಾಜಿನ ಮೇಲೆ ಗೊತ್ತಾಗುತ್ತೆ ಬಿಡು" ಎಂದು ಅವನ ಹಾಸ್ಯ. ಅವಳು ಬಟ್ಟೆಯಲ್ಲಿ ಕೈ ಒರೆಸುತ್ತ, ಕೂಗದೆ, ಮಾಮೂಲಿ ದನಿಯಲ್ಲೇ ಹೇಳಿದಳು: "ಏಳನೇ ಬಾವಿಗೆ ನಾನು ಇಪ್ಪತ್ತೆಂಟು ವರ್ಷದಿಂದ ಹೋಗೇ ಇಲ್ಲ." ಅವನು ತಲೆಯೆತ್ತಿ, ಎಲ್ಲದಕ್ಕೂ ತೂಗುವಂತೆಯೇ ತಲೆದೂಗಿ, "ಸರಿ ಸರಿ, ಹೋಗಿ ಬಾ" ಎಂದು ಪೇಪರಿಗೆ ಮರಳಿದ. ಕೂಗಿ ಹೇಳಬಹುದಿತ್ತು. ಕ್ವಾರ್ಟರ್ಸಿನ ಗೋಡೆ ಒಂದೇ ಇಟ್ಟಿಗೆಯ ದಪ್ಪದ್ದು, ಆಚೆ ಮನೆಯವರ ಕೆಮ್ಮೂ ಈಚೆಗೆ ಕೇಳುತ್ತದೆ. ಕೂಗಿಯೇ ಹೇಳಬೇಕಾದ ಮನೆಯಲ್ಲಿ ಗುಟ್ಟು ಗುಟ್ಟಾಗಿಯೇ ಉಳಿದುಹೋಗುತ್ತದೆ.

ಲ್ಯಾಬಿಗೆ ನಡೆದೇ ಹೋಗುವುದು ಅವಳ ರೂಢಿ. ನಾಲ್ಕು ಚಿಮಣಿಗಳಲ್ಲಿ ಈಗ ಹೊಗೆ ಬರುವುದು ಒಂದರಲ್ಲಿ, ಅದೂ ಜ್ವರ ಬಿಟ್ಟವನ ಉಸಿರಿನಂತೆ ಸಣ್ಣಗೆ. ಕಾರ್ಖಾನೆಯ ಶಾಲೆ ಸಿಮೆಂಟಿನ ಗೋದಾಮಾಗಿದೆ. ಒಂದು ಕಾಲಕ್ಕೆ ಮೂರು ಪಾಳಿಯ ಜನ ಹೆಗಲಿಗೆ ಹೆಗಲು ತಾಗಿಸಿ ನಡೆಯುತ್ತಿದ್ದ ಗೇಟಿನ ರಸ್ತೆಯಲ್ಲಿ ಟೀ ಅಂಗಡಿಯವನು ಗಿರಾಕಿ ಬರುವ ಮೊದಲೇ ಕುದಿಸುವುದನ್ನು ಬಿಟ್ಟಿದ್ದಾನೆ. ಊರು ಮಾತ್ರ ಬೆಳೆಯುತ್ತಲೇ ಇದೆ. ಕೆಲಸವಿಲ್ಲದ ಊರು ಹೇಗೆ ಬೆಳೆಯುತ್ತದೆಂದು ಅವಳಿಗೆ ಎಂದೂ ಅರ್ಥವಾಗಿಲ್ಲ. ಕೈಕಾಲು ಸೊರಗಿದ ಮಗುವಿನ ಹೊಟ್ಟೆ ಊದಿದ ಹಾಗೆ ಅದು ಬೈಪಾಸಿನ ತನಕ, ಕೆರೆಯ ಅಂಗಳದ ತನಕ ಊದಿಕೊಂಡಿದೆ, ಎಲ್ಲಿ ನೋಡಿದರೂ ಸೈಟಿನ ಕಲ್ಲು, ಬಣ್ಣದ ಕಮಾನು. ಇವೆಲ್ಲದರ ಹಿಂದೆ ಆ ಗುಡ್ಡ. ಹಸಿರು ಹುಲ್ಲು, ಈ ತಿಂಗಳಲ್ಲಂತೂ ಮೈತುಂಬ ಹಳದಿ ಹೂವು, ನೆತ್ತಿಯ ಮೇಲೆ ಬೆಳ್ಳಕ್ಕಿಗಳ ಸಾಲು. ಹೊರಗಿನಿಂದ ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಚೆಂದವೇ, ಅವಳಿಗೂ ಚೆಂದವೇ ಕಾಣುತ್ತದೆ, ಅದೇ ತೊಂದರೆ. ಆ ಗುಡ್ಡವನ್ನು ದೇವರು ಮಾಡಿದ್ದಲ್ಲ. ಕುಲುಮೆಯಲ್ಲಿ ಕಬ್ಬಿಣ ಬೇರೆಯಾದ ಮೇಲೆ ಉಳಿಯುವ ಕಿಟ್ಟವನ್ನು ಐವತ್ತು ವರ್ಷ ಸುರಿದು ಸುರಿದು ಕಾರ್ಖಾನೆ ಮಾಡಿದ್ದು. ಅದರಲ್ಲಿ ಮೂವತ್ತೈದು ವರ್ಷದ ಪಾಲು ಟೀಯಲ್ಲಿ ಬ್ರೆಡ್ಡು ಅದ್ದುತ್ತಿದ್ದ ಅವಳ ಗಂಡನದು. ಕಿಟ್ಟದ ತೊಟ್ಟಿಗಳನ್ನು ಹಳಿಯ ಮೇಲೆ ಒಯ್ದು ಬಗ್ಗಿಸುವ ಗಾಡಿ ಅವನ ಕೈಯಲ್ಲಿತ್ತು. ಸಂಜೆ ಆರಕ್ಕೆ ಬಗ್ಗಿಸಿದರೆ ಕೆಂಡದ ಹೊಳೆ ಇಳಿಜಾರಿನಲ್ಲಿ ಹರಿದು ಅರ್ಧ ಆಕಾಶ ಕೆಂಪಾಗುತ್ತಿತ್ತು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ನಿಂತು ಅವಳು ತೋರಿಸುತ್ತಿದ್ದಳು. ಮೂರು ವರ್ಷದ ಮಗು ಕೈ ತಟ್ಟಿ, "ಅಪ್ಪ ಸೂರ್ಯನ್ನ ಚೆಲ್ಲಿಬಿಟ್ರು!" ಎಂದು ಕೇಕೆ ಹಾಕುತ್ತಿತ್ತು. ಆ ಕೇಕೆಯೇ ಇವತ್ತು ಮಗಳನ್ನು ಗುಡ್ಡದ ಬುಡದಲ್ಲಿ ಮನೆ ಹುಡುಕುವಂತೆ ಮಾಡಿದ್ದು ಎಂದು ಯಾರಿಗೆ ಹೇಳುವುದು.

ಲ್ಯಾಬಿನಲ್ಲಿ ಕೆಲಸ ಈಗ ಮಧ್ಯಾಹ್ನದ ತನಕ ಮಾತ್ರ. ಒಂದನೇ ಬಾವಿಯಿಂದ ಆರನೇ ಬಾವಿಯವರೆಗೆ ವಾರಕ್ಕೊಮ್ಮೆ ನೀರು ತಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಮೊದಲು ಏಳು ಸಾಲುಗಳಿದ್ದವು. ಏಳನೇ ಬಾವಿ ಎಲ್ಲಕ್ಕಿಂತ ದೂರದ್ದು, ಆಗಿನ್ನೂ ಗುಡ್ಡ ಅಲ್ಲಿಗೆ ಬಂದಿರಲಿಲ್ಲ. ಸುತ್ತ ಹುಲ್ಲುಗಾವಲು, ಬಾವಿಯ ಮೇಲೆ ಬಾಗಿದ ಒಂದು ಮರ, ಬಗ್ಗಿ ಬೊಗಸೆಯಲ್ಲಿ ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ನೀರು. ಕೆಲಸಕ್ಕೆ ಸೇರಿದ ಎರಡು ವರ್ಷ ಅವಳು ಅಲ್ಲಿಗೆ ಹೋಗುವುದಕ್ಕೆಂದೇ ವಾರ ಕಾಯುತ್ತಿದ್ದಳು. ಆಮೇಲೆ ಹೊಟ್ಟೆಯಲ್ಲಿ ಆರು ತಿಂಗಳಾಗಿ, ಮಳೆಗೆ ದಾರಿ ಜಾರುತ್ತಿದ್ದಾಗ, ಲ್ಯಾಬಿನ ಹಳೇ ಸಾಹೇಬರು, ಪುಣ್ಯಾತ್ಮರು, ಬಾಟಲಿ ಹಿಡಿದು ಹೊರಟವಳನ್ನು ತಡೆದರು. "ಆರನೇ ಬಾವಿ ನೀರೂ ಅದೂ ಒಂದೇ ಕಣಮ್ಮ. ಆರರ ಕೆಳಗೆ ಮೇಲಿನಂತೆ ಅಂತ ಬರಿ, ಸಾಕು. ಬಾವಿ ಎಲ್ಲಿಗೂ ಓಡಿಹೋಗಲ್ಲ." ಅವಳು ಬರೆದಳು. ಏಳನೇ ಸಾಲಿನಲ್ಲಿ, ಅಂಕಿ ಇರಬೇಕಾದ ಜಾಗದಲ್ಲಿ, ದುಂಡಗೆ: ಮೇಲಿನಂತೆ. ಬಾವಿ ಓಡಿಹೋಗಲಿಲ್ಲ, ಗುಡ್ಡವೇ ಬಾವಿಯ ಬಳಿಗೆ ನಡೆದು ಬಂತು. ವರ್ಷಕ್ಕೆ ನಾಲ್ಕು ಮಾರು, ಐದು ಮಾರು, ಮಳೆ ಬಂದಾಗೆಲ್ಲ ಕಿಟ್ಟದ ಸುಣ್ಣವನ್ನು ನೆಲಕ್ಕೆ ಇಳಿಸುತ್ತ. ಆ ಕಡೆ ಗಂಡ ಗುಡ್ಡ ಬೆಳೆಸಿದ, ಈ ಕಡೆ ಅವಳು ಮೇಲಿನಂತೆ ಬರೆದಳು, ರಾತ್ರಿ ಇಬ್ಬರೂ ಒಂದೇ ಮೇಜಿನ ಮೇಲೆ ಊಟ ಮಾಡಿದರು. ಆ ಮೊದಲ ಮೂರು ತಿಂಗಳಿಗೆ ಕಾರಣವಿತ್ತು. ಉಳಿದ ವರ್ಷಗಳಿಗೆ ಕಾರಣವಿರಲಿಲ್ಲ, ಅಭ್ಯಾಸವಿತ್ತು. ಎರಡು ವರ್ಷದ ಹಿಂದೆ ಕಾರ್ಖಾನೆ ಆ ಜಾಗವನ್ನು ಮನೆ ಕಟ್ಟುವ ಕಂಪನಿಗೆ ಮಾರಿದಾಗ, ಹಳೆಯ ರಿಜಿಸ್ಟರುಗಳನ್ನೆಲ್ಲ ಸೇರಿಸಿ ಒಂದು ರಿಪೋರ್ಟು ತಯಾರಾಯಿತು: ಬಾವಿ ಸಂಖ್ಯೆ ಏಳರ ನೀರು ಅಷ್ಟೂ ವರ್ಷಗಳ ದಾಖಲೆಯ ಪ್ರಕಾರ ಕುಡಿಯಲು ಯೋಗ್ಯ. ಅವಳ ಮುಂದೆ ಇಟ್ಟರು. ಪೆನ್ನನ್ನು ಕ್ಯಾಪು ತೆಗೆದೇ ಕೊಟ್ಟಿದ್ದರು. ಟೀ ಆರುತ್ತಿತ್ತು. ಬಾಲ ಎಳೆದು ಸಹಿ ಹಾಕಿದ್ದಳು.

"ಸಾರ್," ಎಂದಳು ಈಗಿನ ಲ್ಯಾಬ್ ಸಾಹೇಬನಿಗೆ. ಅವಳಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು. "ಏಳನೇ ಬಾವಿ ನೀರು ಒಂದ್ಸಲ ತಂದು ನೋಡ್ಲಾ?"

ಅವನು ತಕ್ಕಡಿಯ ಗಾಜು ಒರೆಸುವುದನ್ನು ನಿಲ್ಲಿಸಿದ. "ಯಾಕಕ್ಕ, ಇಷ್ಟು ವರ್ಷ ಇಲ್ಲದ ಬಾಯಾರಿಕೆ ಇವತ್ತೇನು?"

ಹಾಗಾದರೆ ಇವನಿಗೆ ಗೊತ್ತು. ಎಲ್ಲರಿಗೂ ಗೊತ್ತಿರಬಹುದು. ಒಬ್ಬಳೇ ಬಚ್ಚಿಟ್ಟುಕೊಂಡಿದ್ದೇನೆಂದು ಎದೆಗವಚಿಕೊಂಡ ಗಂಟು, ನೋಡಿದರೆ ಸಂತೆಯ ಮಧ್ಯೆ ಬಿಚ್ಚಿ ಹರಡಿದೆ.

"ಮಗಳು ಅಲ್ಲಿ ಮನೆ ತಗೋತಿದ್ದಾಳೆ."

ಅವನು ಒರೆಸುವ ಬಟ್ಟೆಯನ್ನು ಮಡಿಸಿಟ್ಟ. ಕೆಟ್ಟವನಲ್ಲ, ಅವಳ ಮಂಡಿನೋವಿಗೆ ತಾನೇ ಹೋಗಿ ಮುಲಾಮು ತಂದುಕೊಟ್ಟವನು. "ಬೇರೆ ಕಡೆ ನೋಡು ಅಂತ ಹೇಳಿ. ಜಾಗ ಸರಿಯಿಲ್ಲ, ಬಸ್ಸಿಲ್ಲ, ಏನೋ ಒಂದು ನೆಪ. ಬಾವಿ ವಿಷಯ ಎತ್ತಬೇಡಿ ಅಕ್ಕ. ಆ ಜಾಗ ಮಾರಿದ್ದಕ್ಕೇ ಈ ಒಂದು ಫರ್ನೇಸ್ ಉರೀತಿರೋದು. ಇನ್ನೊಂದು ತುಂಡು ಮಾರೋ ಮಾತು ನಡೀತಿದೆ. ಉರಿಯೋ ಒಲೆಗೆ ನೀವೇ ನೀರು ಹೊಯ್ತೀರಾ? ಆರ್ನೂರು ಮನೆ ಅನ್ನ ಅದು."

ನೆಪ ಸುಲಭವಾಗಿತ್ತು. ಬಸ್ಸಿಲ್ಲ ಎಂದರೆ ಮಗಳು ನಂಬುತ್ತಾಳೆ. ಮಗಳು ಬಚಾವು, ಕಾರ್ಖಾನೆ ಬಚಾವು, ತಾನೂ ಬಚಾವು. ಆರು ಬಾವಿಯ ಅಂಕಿಗಳನ್ನು ಬರೆಯುತ್ತ ಅವಳು ಆ ನೆಪವನ್ನು ಮನಸ್ಸಿನಲ್ಲಿ ಎರಡು ಮೂರು ಸಲ ಹೇಳಿ ನೋಡಿದಳು, ಹೊಸ ಚಪ್ಪಲಿ ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡುವ ಹಾಗೆ. ಕಚ್ಚಲಿಲ್ಲ. ಹೊರಡುವಾಗ ಮಾತ್ರ, ಯಾಕೆಂದು ತನಗೇ ತಿಳಿಯದೆ, ತೊಳೆದ ಒಂದು ಸ್ಯಾಂಪಲ್ ಬಾಟಲಿಯನ್ನೂ ಬಣ್ಣ ಬದಲಾಗುವ ಪರೀಕ್ಷೆ ಕಾಗದದ ಪುಟ್ಟ ಪುಸ್ತಕವನ್ನೂ ಕೈಚೀಲಕ್ಕೆ ಹಾಕಿಕೊಂಡಳು.

ಮೂರಕ್ಕೆ ಮಗಳ ಸ್ಕೂಟರು ಬಂತು. "ಒಳ್ಳೆ ಸೀರೆ ಉಡೋದಲ್ವೇನಮ್ಮ? ಲ್ಯಾಬ್ ಸೀರೇಲೇ ಬಂದಿದ್ದೀಯ! ಮನೆ ತಗೊಳ್ಳೋರ ಥರ ಕಾಣಬೇಡ್ವಾ?" ಎಂದು ಗದರಿಸಿ, ಸೆರಗಿನ ಮೇಲಿದ್ದ ಯಾವುದೋ ಕಲೆಯನ್ನು ಉಗುರಿನಿಂದ ಕೆರೆದಳು. ಹಿಂದೆ ಕುಳಿತು ಮಗಳ ಹೆಗಲು ಹಿಡಿದುಕೊಂಡಾಗ ಅವಳಿಗೆ ಆ ಹೆಗಲಿನ ಎಲುಬು ಬೆರಳಿಗೆ ಹತ್ತಿತು. ಎಷ್ಟು ಸಣ್ಣಗಾಗಿದ್ದಾಳೆ. ಬಾಡಿಗೆಯ ಎರಡು ಕೋಣೆ, ಅತ್ತೆ, ಮೂರು ವರ್ಷದ ಮಗು, ಮೇಲಿನ ಮನೆಯವರ ಕಾಟ. ದಾರಿಯುದ್ದಕ್ಕೂ ಮಗಳು ಗಾಳಿಯಲ್ಲಿ ಕೂಗಿ ಕೂಗಿ ಹೇಳುತ್ತಿದ್ದಳು: ಮಗುವಿಗೆ ಕಿಟಕಿಯಿಂದ ಗುಡ್ಡ ಕಾಣುತ್ತದೆ, ಅತ್ತೆಗೆ ನೆಲಮಹಡಿಯಲ್ಲಿ ಬೆಂಚಿದೆ, ನೀವೂ ಕ್ವಾರ್ಟರ್ಸು ಬಿಟ್ಟ ಮೇಲೆ ಇಲ್ಲಿಗೇ ಬಂದುಬಿಡಿ. "ಬಸ್ಸಿಲ್ಲ ಅಲ್ಲಿಗೆ" ಎಂದಳು ಅವಳು. "ಏನಂದೆ?" "ಬಸ್ಸಿಲ್ಲ." "ಬರುತ್ತಂತಮ್ಮ ಬರೋ ವರ್ಷ!" ನೆಪ ಗಾಳಿಗೆ ಹಾರಿಹೋಯಿತು.

ಕಂಪನಿಯ ಆಫೀಸು ಗಾಜಿನದು. ಮೇಜಿನ ಮೇಲೆ ರಟ್ಟಿನ ಪುಟ್ಟ ಮನೆಗಳು, ಸ್ಪಂಜಿನ ಮರಗಳು, ಹಿಂದೆ ಹಸಿರು ಬಣ್ಣ ಹಚ್ಚಿದ ಗುಡ್ಡ. ಮಗಳ ವಯಸ್ಸಿನದೇ ಒಬ್ಬ ಹೆಣ್ಣುಮಗಳು, ಮನೆ ಮಾರುವವಳು, ನಗುನಗುತ್ತ ಎದ್ದು ಬಂದಳು. "ಇವರೇನಾ ಮೇಡಂ? ನಮ್ಮ ಫೈಲಲ್ಲಿರೋ ಸಹಿ ಇವರದ್ದೇನಾ? ಅಯ್ಯೋ, ನಿಮ್ಮ ಹೆಸರು ಹೇಳ್ಕೊಂಡೇ ನಾನು ಇಪ್ಪತ್ತು ಮನೆ ಮಾರಿದ್ದೀನಿ ಆಂಟಿ!" ಮಗಳು ಅಮ್ಮನ ತೋಳು ಹಿಡಿದು ಹಿಂಡಿದಳು, ಸ್ಪರ್ಧೆಯಲ್ಲಿ ಗೆದ್ದವರ ಹಾಗೆ. "ಗುಡ್ಡದ ಊಟೆ ನೀರು ಆಂಟಿ ನಮ್ದು, ನಿಮಗೆ ನಾನು ಹೇಳ್ಬೇಕಾ," ಎನ್ನುತ್ತ ಆಕೆ ಟ್ರೇಯಲ್ಲಿ ಎರಡು ಗ್ಲಾಸು ನೀರು ತಂದಿಟ್ಟಳು. ಸಹಿಯ ಕಾಗದ, ಅದರ ಮೇಲೆ ಪೆನ್ನು. ಕ್ಯಾಪು ತೆಗೆದೇ ಇಟ್ಟಿದ್ದರು. ಬಿಸಿಲಿನಲ್ಲಿ ಸ್ಕೂಟರು ಓಡಿಸಿ ಬಾಯಾರಿದ ಮಗಳು ಗ್ಲಾಸೆತ್ತಿ ತುಟಿಗೆ ಒಯ್ದಳು.

"ಕುಡೀಬೇಡ."

ದನಿ ತನ್ನದೇ ಎಂದು ತಿಳಿಯುವಷ್ಟರಲ್ಲಿ ಅವಳ ಕೈ ಗ್ಲಾಸನ್ನು ಕಿತ್ತುಕೊಂಡಿತ್ತು. ಅರ್ಧ ನೀರು ರಟ್ಟಿನ ಮನೆಗಳ ಮೇಲೆ ಚೆಲ್ಲಿತು. ಅವಳು ಚೀಲದಿಂದ ಕಾಗದದ ಪುಸ್ತಕ ತೆಗೆದು, ಒಂದು ಪಟ್ಟಿ ಹರಿದು, ಉಳಿದ ನೀರಿಗೆ ಅದ್ದಿದಳು. ಮೂವರೂ ನೋಡಿದರು. ಪಟ್ಟಿ ಎಳೆ ಹಸಿರಿಗೆ ತಿರುಗಿ ಅಲ್ಲೇ ನಿಂತಿತು. ಒಳ್ಳೆಯ ನೀರು, ಪುಸ್ತಕದಲ್ಲಿ ಇರಬೇಕಾದಂಥ ನೀರು.

"ಅಮ್ಮ, ಏನಿದು?" ಮಗಳ ಮುಖ ಕೆಂಪಾಗಿತ್ತು.

ಮನೆ ಮಾರುವವಳು ಕರವಸ್ತ್ರದಿಂದ ರಟ್ಟಿನ ಮನೆಗಳನ್ನು ಒರೆಸುತ್ತ, ತಡೆಯಲಾರದೆ ನಕ್ಕುಬಿಟ್ಟಳು. "ಆಂಟಿ, ಅದು ಕ್ಯಾನ್ ನೀರು! ಆಫೀಸಿಗೆ ನಾವು ಕ್ಯಾನೇ ತರಿಸೋದು." ಹೇಳಿದ ಮೇಲೆ, ಹೇಳಬಾರದಿತ್ತೆಂದು ಹೊಳೆದು ನಗು ಅರ್ಧಕ್ಕೆ ನಿಂತಿತು.

ಈಗಲೂ ತಪ್ಪಿಸಿಕೊಳ್ಳಬಹುದಿತ್ತು. ವಯಸ್ಸಾಯಿತು, ಬಿಸಿಲು, ಲ್ಯಾಬಿನ ಚಟ ಎಂದು ನಕ್ಕುಬಿಟ್ಟಿದ್ದರೆ ಎಲ್ಲರೂ ನಗಲು ಸಿದ್ಧರಿದ್ದರು. ಅವಳು ಮಗಳನ್ನು ನೋಡದೆ, ಒದ್ದೆಯಾದ ಸ್ಪಂಜಿನ ಮರಗಳನ್ನು ನೋಡುತ್ತ ಹೇಳಿದಳು: "ಆ ರಿಪೋರ್ಟು ಸುಳ್ಳು. ಸಹಿ ನಂದೇ. ಬಾವಿ ಮಾತ್ರ ನೋಡಿಲ್ಲ. ವಾರ ವಾರ ಮೇಲಿನಂತೆ ಅಂತ ಬರೀತಿದ್ದೆ, ಆರನೇ ಬಾವಿದನ್ನೇ. ನೀನು ಹೊಟ್ಟೇಲಿದ್ದಾಗ..."

"ನನ್ನ ಹೆಸರು ಹೇಳಬೇಡ," ಎಂದಳು ಮಗಳು. ಮೆಲ್ಲಗೆ ಹೇಳಿದಳು. ಚಿಕ್ಕವಳಿದ್ದಾಗ ಪೆಟ್ಟು ತಿಂದರೆ ಅಳುವ ಮುಂಚೆ ಹೀಗೇ ಮೆಲ್ಲಗಾಗುತ್ತಿತ್ತು ಆ ದನಿ. ಪೆನ್ನಿನ ಕ್ಯಾಪು ಹುಡುಕಿ ಹಾಕಿ, ಮೇಜಿನ ಮೇಲಿಟ್ಟು, ಎದ್ದು ಹೊರಗೆ ನಡೆದಳು.

ಹೊರಗೆ ಬಂದರೆ ಮಗಳು ಸ್ಕೂಟರಿನ ಬಳಿ ನಿಂತಿದ್ದಳು, ಹೊರಟಿರಲಿಲ್ಲ. ಎದುರಿಗೆ ಐದು ಮಹಡಿಯ ಕಟ್ಟಡ, ಬಾಲ್ಕನಿಗಳಲ್ಲಿ ಒಣಗಿದ ಬಟ್ಟೆ, ಒಂದು ಪುಟ್ಟ ಸೈಕಲ್ಲು, ಯಾರದೋ ಮನೆಯ ಕುಕ್ಕರಿನ ಸೀಟಿ. ಇಪ್ಪತ್ತು ಮನೆ ಎಂದಿದ್ದಳು ಆಕೆ. ನಿಮ್ಮ ಹೆಸರು ಹೇಳ್ಕೊಂಡೇ. ಅವಳು ಬಾಟಲಿಯನ್ನು ಹೊರತೆಗೆದು ಕೈಯಲ್ಲಿ ಹಿಡಿದಳು. "ನೀನು ಹೋಗಮ್ಮ. ನಾನು ಬಾವಿಗೆ ಹೋಗಿ ಬರ್ತೀನಿ." ಹೋಗಬೇಕಾದದ್ದು ಯಾವ ಕಡೆಗೆ ಎಂದು ಮಾತ್ರ ತಿಳಿಯಲಿಲ್ಲ. ಹುಲ್ಲುಗಾವಲಿರಲಿಲ್ಲ, ಬಾಗಿದ ಮರವಿರಲಿಲ್ಲ, ಎಲ್ಲ ಕಡೆಯೂ ಒಂದೇ ಥರದ ಸಿಮೆಂಟಿನ ದಾರಿ. ಸಾವಿರದ ಮುನ್ನೂರಕ್ಕೂ ಹೆಚ್ಚು ಸಲ ನೋಡಿದೆನೆಂದು ಬರೆದ ಬಾವಿಗೆ ಅವಳು ಕಾವಲುಗಾರನ ಹತ್ತಿರ ದಾರಿ ಕೇಳಬೇಕಾಯಿತು.

ಕಾವಲುಗಾರ ಕುರ್ಚಿಯಿಂದ ಎದ್ದವನು ಟೋಪಿ ತೆಗೆದ. "ಅರೆ, ನೀರಕ್ಕ! ಗುರುತು ಸಿಗ್ಲಿಲ್ವಾ? ಮೂರನೇ ಫರ್ನೇಸ್‌ನಲ್ಲಿದ್ದೆ. ಅದು ಆರಿದ ಮೇಲೆ ಇಲ್ಲಿ ಬಾಗಿಲು ಕಾಯೋದು." ಅವನು ನಕ್ಕ. "ನಿಮಗೆ ಗೊತ್ತಿಲ್ಲದ ಬಾವಿನಾ ಅಕ್ಕ? ನೀವು ನಮಗೆ ತೋರಿಸ್ಬೇಕು."

"ಮರ್ತೋಗಿದೆಯಪ್ಪ."

"ಈಗ ಮುಚ್ಚಿ ಪಂಪು ಕೂರಿಸಿದ್ದಾರೆ. ಬನ್ನಿ." ಮುಂದೆ ನಡೆಯುತ್ತ, ಹೊಸಬರಿಗೆ ಹೇಳಬಾರದ ಮಾತು ತನ್ನವರಿಗೆ ಹೇಳಬಹುದೆಂಬ ಸಲಿಗೆಯಲ್ಲಿ ದನಿ ತಗ್ಗಿಸಿದ. "ನಾನಂತೂ ಮನೆಯಿಂದ್ಲೇ ನೀರು ತರ್ತೀನಿ. ಇಲ್ಲಿಂದು ಬಾಯಿಗೆ ಸೋಪು ಸೋಪು ಅನ್ನುತ್ತೆ. ನೀವು ಪಾಸು ಮಾಡಿದ್ದೀರಿ ಅಂದ್ಮೇಲೆ ನನ್ನ ನಾಲಗೇಲೇ ದೋಷ ಅಂದ್ಕೊಂಡೆ."

ಗುಡ್ಡದ ಬುಡಕ್ಕೆ ಇಳಿಯಲು ಹನ್ನೆರಡು ಮೆಟ್ಟಿಲು. ಮೂರನೆಯದರಲ್ಲಿ ಮಂಡಿ ಕಳಕ್ಕೆಂದಿತು, ಅವಳು ಗೋಡೆ ಹಿಡಿದು ನಿಂತಳು. ಹಿಂದಿನಿಂದ ಒಂದು ಕೈ ಬಂದು ಅವಳ ತೋಳನ್ನು ಹಿಡಿಯಿತು. ಮಗಳು. ಮುಖ ನೋಡಲಿಲ್ಲ, ಬೀಳಬಾರದೆಂದು ಎಷ್ಟು ಹಿಡಿಯಬೇಕೋ ಅಷ್ಟೇ ಹಿಡಿದಿದ್ದಳು. ಕೆಳಗೆ ಪಂಪಿನ ಪಕ್ಕದಲ್ಲಿ ಒಂದು ಸಣ್ಣ ನಲ್ಲಿ, ಅದರ ಮೂತಿಯ ಸುತ್ತ ಬಿಳಿಯ ಹಕ್ಕಳೆ. ತಲೆಯೆತ್ತಿದರೆ ಗುಡ್ಡ, ಹಳದಿ ಹೂವು, ಇಳಿಬಿಸಿಲು. ಈಗಲೂ ಚೆಂದವೇ. ನಲ್ಲಿ ತಿರುಗಿಸಿ, ಹೊಸಬರಿಗೆ ತಾನೇ ಕಲಿಸಿದ ಹಾಗೆ, ಮೊದಲ ನೀರು ಹರಿದುಹೋಗಲು ಬಿಟ್ಟಳು. ಆಮೇಲೆ ಎರಡು ಬೆರಳು ಒಡ್ಡಿ ಉಜ್ಜಿ ನೋಡಿದಳು. ಜಾರಿತು. ಕಾಗದ ಬೇಕಿರಲಿಲ್ಲ. ಆದರೂ ಒಂದು ಪಟ್ಟಿ ಹರಿದು ಮಗಳ ಕೈಗೆ ಕೊಟ್ಟಳು. "ನೀನೇ ಅದ್ದು. ಹಸಿರಾದ್ರೆ ಒಳ್ಳೇದು."

ಮಗಳು ಅದ್ದಿದಳು. ಪಟ್ಟಿ ಹಸಿರನ್ನು ದಾಟಿತು, ನೀಲಿಯಾಯಿತು, ಇನ್ನೂ ಗಾಢವಾಯಿತು, ಪುಸ್ತಕದ ರಟ್ಟಿನ ಮೇಲಿದ್ದ ಬಣ್ಣಗಳ ಏಣಿಯಲ್ಲಿ ಕೊನೆಯದಕ್ಕೆ ಹೋಗಿ ನಿಂತಿತು. ಮಗಳು ಅದನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು. ಅವಳು ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೆಯ ಸಲ ಕಂಠದ ತನಕ ತುಂಬಿ ಬಿರಡೆ ಹಾಕಿದಳು. ಮೆಟ್ಟಿಲ ಮೇಲೆ ಕುಳಿತು ಚೀಟಿ ಅಂಟಿಸಿ ಬರೆದಳು: ಬಾವಿ ಸಂಖ್ಯೆ ಏಳು. ತಾರೀಖು. ಸಮಯ, ನಾಲ್ಕು ನಲವತ್ತು. ಬರೆದವರ ಹೆಸರು. ನಾಳೆ ಬೆಳಿಗ್ಗೆ ರಿಜಿಸ್ಟರಿನಲ್ಲಿ ಆರನೇ ಸಾಲಿನ ಕೆಳಗೆ ಕೈಯಿಂದ ಗೆರೆ ಎಳೆದು ಏಳನೇ ಸಾಲು ಮಾಡಬೇಕು, ಅಂಕಿ ಬರೆಯಬೇಕು, ಇಪ್ಪತ್ತು ಮನೆಗೆ ಹೇಳಬೇಕು. ಸಾಹೇಬ ಬೇಡವೆನ್ನುತ್ತಾನೆ. ಉರಿಯುವ ಒಂದು ಒಲೆ, ಅದರ ಸುತ್ತ ಆರ್ನೂರು ಮನೆ. ಇದನ್ನೆಲ್ಲ ಹೊತ್ತುಕೊಂಡು ಹೇಗೆ ಮೆಟ್ಟಿಲು ಹತ್ತುವುದೆಂದು ಅವಳು ಅಲ್ಲೇ ಕುಳಿತಿದ್ದಳು.

"ಅಮ್ಮ," ಎಂದಳು ಮಗಳು. ಪಟ್ಟಿ ಇನ್ನೂ ಕೈಯಲ್ಲೇ ಇತ್ತು. "ನಾವು ಕ್ವಾರ್ಟರ್ಸಲ್ಲಿ ಕುಡಿದಿದ್ದು ಎರಡನೇ ಬಾವಿದಲ್ವಾ?"

"ಹೂಂ."

"ಮಿಕ್ಕ ಆರು ಬಾವಿಗೆ ಹೋಗ್ತಿದ್ದೆಯಾ?"

"ಹೋಗ್ತಿದ್ದೆ ಕಣೇ. ಎಲ್ಲಾ ಆರಕ್ಕೂ, ಪ್ರತಿ ವಾರ."

ಅದು ನಿಜ. ಜ್ವರದಲ್ಲೂ ಹೋಗಿದ್ದಳು, ತನ್ನ ತಾಯಿ ಸತ್ತ ವಾರವೂ ಹೋಗಿದ್ದಳು. ಮಗಳು ಕಣ್ಣು ಕದಲಿಸದೆ ಅವಳ ಮುಖವನ್ನೇ ನೋಡಿದಳು, ನೀರಿಗದ್ದಿದ ಕಾಗದವನ್ನು ನೋಡಿದ ಹಾಗೆ, ಯಾವ ಬಣ್ಣಕ್ಕೆ ತಿರುಗುತ್ತದೆಂದು ಕಾಯುತ್ತ. ಅವಳು ಆ ನೋಟದ ಕೆಳಗೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕುಳಿತಳು.